ಮೊದಲ ಆ್ಯಪ್‌ಗೆ ಮಳೆ ಡೈರಿಯೇ ಸಾಕು

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಬೆಳಗಾದರೆ ಒಂದು ಕೆಲಸ ತಪ್ಪುವುದಿಲ್ಲ. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು, ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದು ಡೈರಿಗೆ ಬರೆಯುವುದು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದಾಗಿ ಎಷ್ಟು ದಿನಕ್ಕೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತು, ಹೋದ ವರ್ಷ ಜುಲೈ ಕೊನೆಗೆ ಒಟ್ಟು ಎಷ್ಟಾಗಿತ್ತು, ಎಲ್ಲವೂ ಆ ಡೈರಿಯಲ್ಲಿದೆ. ಹುಡುಕಿ ಕೂಡಿಸುವುದೇ ಕಷ್ಟ.

ಮೊಬೈಲ್ ಆ್ಯಪ್ ಮಾಡಲು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ಹಾಸನ, ಚಿಕ್ಕಮಗಳೂರಿನ ಹುಡುಗ ಹುಡುಗಿಯರಿಗೆ ನಾವು ಹೇಳುವುದು ಇದನ್ನೇ: ಆ ಡೈರಿಯನ್ನು ಆ್ಯಪ್ ಮಾಡಿ. ಊಟ ತರಿಸುವ ಆ್ಯಪ್, ಬಾಡಿಗೆ ಗಾಡಿಯ ಆ್ಯಪ್ ಎಂದು ಹೊರಟವರು ಹೆಚ್ಚಿನವರು ಅರ್ಧಕ್ಕೆ ಕೈಬಿಡುತ್ತಾರೆ. ಊಟ ತರಿಸುವುದು ಹೊರಗಿನಿಂದ ಒಂದೇ ಆ್ಯಪ್‌ನಂತೆ ಕಂಡರೂ ಅದು ಗಿರಾಕಿಗೊಂದು, ಹೋಟೆಲಿನವರಿಗೊಂದು, ತಲುಪಿಸುವವರಿಗೊಂದು ಹೀಗೆ ಮೂರು ಆ್ಯಪ್. ಅವುಗಳ ಹಿಂದೆ ಸರ್ವರ್, ಹಣ ಪಾವತಿ, ಮ್ಯಾಪು. ಮಳೆ ಡೈರಿಗೆ ಎರಡು ಪರದೆ, ಮಾಹಿತಿಯ ಒಂದು ಕೋಷ್ಟಕ ಸಾಕು. ಲಾಗಿನ್ ಬೇಡ, ಇಂಟರ್ನೆಟ್ ಬೇಡ. ಚಾರ್ಮಾಡಿ, ಶಿರಾಡಿ ಘಾಟಿಯ ಅಂಚಿನ ತೋಟಗಳಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಸಿಗುವುದೂ ಇಲ್ಲ. ಆದರೂ ಆ್ಯಪ್ ಬರೆಯುವವರು ಕಲಿಯಲೇಬೇಕಾದ ಮುಖ್ಯ ವಿಷಯಗಳೆಲ್ಲ ಇದರೊಳಗೇ ಬರುತ್ತವೆ.

ಯಾವ ದಾರಿ

ಆಂಡ್ರಾಯ್ಡ್ ಫೋನಿಗೆ ಮಾತ್ರ ಸಾಕು ಎಂದಾದರೆ ಕೋಟ್ಲಿನ್ ಭಾಷೆ, ಪರದೆ ಕಟ್ಟಲು ಜೆಟ್‌ಪ್ಯಾಕ್ ಕಂಪೋಸ್. ಗೂಗಲ್ ಕೋಟ್ಲಿನ್‌ಗೆ 2017ರಲ್ಲಿ ಅಧಿಕೃತ ಬೆಂಬಲ ಘೋಷಿಸಿತು, 2019ರಿಂದ ಅದನ್ನೇ ಮೊದಲ ಆಯ್ಕೆ ಎನ್ನುತ್ತಿದೆ; ಕಂಪೋಸ್‌ನ ಮೊದಲ ಸ್ಥಿರ ಆವೃತ್ತಿ 2021ರ ಜುಲೈನಲ್ಲಿ ಬಂತು. ಈ ತಾರೀಖುಗಳನ್ನು ನೆನಪಿಡಬೇಕು, ಏಕೆಂದರೆ ಯೂಟ್ಯೂಬ್‌ನಲ್ಲಿ ಸಿಗುವ ಹಳೆಯ ಪಾಠಗಳು ಜಾವಾ ಮತ್ತು ಎಕ್ಸ್‌ಎಂಎಲ್ ಪದ್ಧತಿಯವು. ಅವು ತಪ್ಪಲ್ಲ. ಆದರೆ ಒಂದು ಪಾಠ ಹಳೆಯದು, ಇನ್ನೊಂದು ಹೊಸದು ಎಂದು ಬೆರೆಸಿದರೆ ಎರಡೂ ಕೂಡುವುದಿಲ್ಲ.

ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್ ಬೇಕಾದರೆ ಡಾರ್ಟ್ ಭಾಷೆಯ ಫ್ಲಟರ್ ಇದೆ, ಜಾವಾಸ್ಕ್ರಿಪ್ಟ್ ಬಲ್ಲವರಿಗೆ ರಿಯಾಕ್ಟ್ ನೇಟಿವ್ ಇದೆ. ಯಾವುದರಲ್ಲಿ ಬರೆದರೂ ಐಫೋನಿನ ಆ್ಯಪ್ ಸಿದ್ಧಪಡಿಸಲು ಕೊನೆಗೆ ಆ್ಯಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಇರುವ ಮ್ಯಾಕ್ ಬೇಕು, ಆ್ಯಪ್ ಸ್ಟೋರ್‌ಗೆ ಹಾಕಲು ವರ್ಷಕ್ಕೆ 99 ಡಾಲರ್ ಬೇಕು. ಮೊದಲ ಆ್ಯಪ್‌ಗೆ ಈ ಖರ್ಚು ಬೇಡ. ಯಾವುದಾದರೂ ಒಂದನ್ನು ಹಿಡಿದು ಆರು ತಿಂಗಳು ಬಿಡದೆ ಇರಿ. ಇಲ್ಲಿಂದ ಮುಂದೆ ನಾವು ಕೋಟ್ಲಿನ್ ಎಂದೇ ಇಟ್ಟುಕೊಳ್ಳುತ್ತೇವೆ.

ಲ್ಯಾಪ್‌ಟಾಪ್ ಇನ್ನೂ ಇಲ್ಲದವರು ಕಾಯಬೇಕಿಲ್ಲ. ಕೋಟ್ಲಿನ್ ಪ್ಲೇಗ್ರೌಂಡ್ ಎಂಬ ಜಾಲತಾಣ ಫೋನಿನ ಬ್ರೌಸರಿನಲ್ಲೇ ತೆರೆಯುತ್ತದೆ. ಬದಲಾಗದ ವ್ಯಾಲ್ ಮತ್ತು ಬದಲಿಸಬಹುದಾದ ವಾರ್ ನಡುವಿನ ವ್ಯತ್ಯಾಸ, ಇಫ್, ವೆನ್, ಫಂಕ್ಷನ್, ಲಿಸ್ಟ್, ಡೇಟಾ ಕ್ಲಾಸ್, ನಲ್ ಎಂದರೇನು: ದಿನಕ್ಕೆ ಒಂದು ಗಂಟೆಯಂತೆ ಎರಡು ಮೂರು ವಾರ ಇಷ್ಟನ್ನೇ ತಿದ್ದಿ. ಹದಿನೈದು ದಿನದ ಮಳೆಯ ಲಿಸ್ಟ್ ಕೊಟ್ಟರೆ ಒಟ್ಟು ಎಷ್ಟು, ಅತಿ ಹೆಚ್ಚು ಯಾವತ್ತು ಎಂದು ಹೇಳುವ ಫಂಕ್ಷನ್ ಬರೆಯಲು ಬಂದರೆ ಮುಂದಕ್ಕೆ ಹೋಗಬಹುದು. ಅನಂತರ ಗೂಗಲ್‌ನ ‘ಆಂಡ್ರಾಯ್ಡ್ ಬೇಸಿಕ್ಸ್ ವಿತ್ ಕಂಪೋಸ್’ ಎಂಬ ಉಚಿತ ಪಾಠಮಾಲೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಲ್ಯಾಪ್‌ಟಾಪ್, ಡೇಟಾ, ಕೇಬಲ್

ಕೋಡ್ ಬರೆದು ಆ್ಯಪ್ ಕಟ್ಟುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೊಗೆ 8 ಜಿಬಿ ರ್‍ಯಾಮ್ ಇದ್ದರೆ ಹೇಗೋ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ರ್‍ಯಾಮ್‌ನಷ್ಟೇ ಮುಖ್ಯ ಎಸ್‌ಎಸ್‌ಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಕಲಿಯುವ ಹುಮ್ಮಸ್ಸೇ ಬತ್ತಿಹೋಗುವಷ್ಟು ಕಾಯಬೇಕಾಗುತ್ತದೆ. ಡಿಸ್ಕಿನಲ್ಲಿ 30 ಜಿಬಿ ಖಾಲಿ ಇರಲಿ. ಲ್ಯಾಪ್‌ಟಾಪಿನೊಳಗೆ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ 8 ಜಿಬಿ ಯಂತ್ರವನ್ನು ಹೂತುಹಾಕುತ್ತದೆ; ಕೈಯಲ್ಲಿರುವ ನಿಜವಾದ ಫೋನನ್ನೇ ಬಳಸಿ.

ಸ್ಟುಡಿಯೊ ಒಂದೇ ಒಂದು ಜಿಬಿಗಿಂತ ಹೆಚ್ಚು. ಅದರ ಮೇಲೆ ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಲಕರಣೆಗಳ ಕಟ್ಟು ಎಸ್‌ಡಿಕೆ, ಮೊದಲ ಸಲ ಪ್ರಾಜೆಕ್ಟ್ ತೆರೆದಾಗ ಗ್ರೇಡಲ್ ಮತ್ತು ಲೈಬ್ರರಿಗಳು. ನಿಮ್ಮ ಕೋಡ್, ಚಿತ್ರ, ಲೈಬ್ರರಿ ಎಲ್ಲವನ್ನೂ ಸೇರಿಸಿ ಫೋನಿಗೆ ಹಾಕುವ ಒಂದು ಫೈಲ್ ಕಟ್ಟಿಕೊಡುವ ಸಾಧನವೇ ಗ್ರೇಡಲ್. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನ ಹಾಟ್‌ಸ್ಪಾಟ್‌ನಲ್ಲಿ ಇದೆಲ್ಲ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಪೇಟೆಗೆ ಬಂದಾಗ ಕಾಲೇಜಿನಲ್ಲೋ ನೆಂಟರ ಮನೆಯಲ್ಲೋ ವೈಫೈ ಸಿಕ್ಕರೆ ಅಲ್ಲಿಯೇ ಕೂತು, ಖಾಲಿ ಪ್ರಾಜೆಕ್ಟ್ ಒಂದನ್ನು ತೆರೆದು, ಫೋನಿನಲ್ಲಿ ಒಮ್ಮೆ ಓಡಿಸಿಯೇ ಎದ್ದು ಬನ್ನಿ. ಒಮ್ಮೆ ಇಳಿದದ್ದು ಡಿಸ್ಕಿನಲ್ಲಿ ಉಳಿಯುತ್ತದೆ. ಆಮೇಲೆ, ಹೊಸ ಲೈಬ್ರರಿ ಸೇರಿಸುವಾಗ ಬಿಟ್ಟರೆ, ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ.

ಮಳೆಗಾಲದಲ್ಲಿ ಮತ್ತೊಂದು ಕಾಟ ಇದೆ. ಗ್ರೇಡಲ್ ಇಳಿಯುವಾಗ ಕರೆಂಟು ಹೋಗಿ ನೆಟ್ ಕಡಿದರೆ ಅರ್ಧ ಇಳಿದ ಜಿಪ್ ಫೈಲ್ ಉಳಿದುಬಿಡುತ್ತದೆ. ಮುಂದಿನ ಸಲ ಸ್ಟುಡಿಯೊ ಅದನ್ನೇ ತೆರೆಯಲು ಹೋಗಿ, ಜಿಪ್ ಸರಿಯಿಲ್ಲ ಎಂಬರ್ಥದ ದೋಷ ತೋರಿಸುತ್ತದೆ. ಇದಕ್ಕೆ ಸ್ಟುಡಿಯೊವನ್ನೇ ತೆಗೆದು ಮತ್ತೆ ಹಾಕುವುದು ಬೇಡ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಗ್ರೇಡಲ್ ಫೋಲ್ಡರ್ ಇರುತ್ತದೆ, ಅದರೊಳಗೆ ರ್‍ಯಾಪರ್, ಅದರೊಳಗೆ ಡಿಸ್ಟ್ಸ್. ಅಲ್ಲಿರುವ ಆ ಆವೃತ್ತಿಯ ಫೋಲ್ಡರನ್ನು ಅಳಿಸಿ ಮತ್ತೆ ಸಿಂಕ್ ಒತ್ತಿ.

ಕನ್ನಡದ ಮೇಲಿನ ಪ್ರೀತಿಗೆ ಪ್ರಾಜೆಕ್ಟ್ ಫೋಲ್ಡರಿಗೆ ಕನ್ನಡ ಲಿಪಿಯಲ್ಲಿ ‘ಮಳೆ’ ಎಂದು ಹೆಸರಿಡಬೇಡಿ. ವಿಂಡೋಸ್‌ನಲ್ಲಿ ಫೋಲ್ಡರಿನ ದಾರಿಯಲ್ಲಿ ಎಲ್ಲೇ ಕನ್ನಡ ಅಕ್ಷರ ಬಂದರೂ ಗ್ರೇಡಲ್ ಅಲ್ಲಿಗೇ ನಿಲ್ಲುತ್ತದೆ. ಫೋಲ್ಡರಿಗೆ ಇಂಗ್ಲಿಷ್ ಅಕ್ಷರ, ಪರದೆಗೆ ಕನ್ನಡ.

ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಬಿಲ್ಡ್ ನಂಬರ್; ಅದರ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಕಾಣಿಸಿಕೊಳ್ಳುತ್ತದೆ. ಒಳಗೆ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಶಿಯೋಮಿ ಫೋನುಗಳಲ್ಲಿ ‘ಇನ್‌ಸ್ಟಾಲ್ ವಯಾ ಯುಎಸ್‌ಬಿ’ ಎಂಬುದನ್ನೂ ಆನ್ ಮಾಡಬೇಕು. ಆಗಲೂ ಸ್ಟುಡಿಯೊದಲ್ಲಿ ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿನ ತಂತಿಗಳು ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ತಂತಿ ಇರುವುದೇ ಇಲ್ಲ. ಆಮೇಲೆ ಫೋನಿನ ಬೀಗ ತೆಗೆದು, ಈ ಕಂಪ್ಯೂಟರನ್ನು ನಂಬಲೇ ಎಂದು ಅದು ಕೇಳುತ್ತಿದೆಯೇ ನೋಡಿ.

ಪರದೆ ಬದಲಾಗುವುದು ಹೇಗೆ

ಹೊಸ ಪ್ರಾಜೆಕ್ಟಿಗೆ ‘ಎಂಪ್ಟಿ ಆಕ್ಟಿವಿಟಿ’ ಆರಿಸಿ. ಅದರ ಹತ್ತಿರವೇ ‘ಎಂಪ್ಟಿ ವ್ಯೂಸ್ ಆಕ್ಟಿವಿಟಿ’ ಇರುತ್ತದೆ, ಅದು ಹಳೆಯ ಪದ್ಧತಿ. ಆ್ಯಪ್‌ನ ಗುರುತಾದ ಪ್ಯಾಕೇಜ್ ಹೆಸರು ಕೇಳುವಾಗ ಸ್ಟುಡಿಯೊ ‘ಕಾಮ್ ಡಾಟ್ ಎಕ್ಸಾಂಪಲ್’ ಎಂದು ತಾನೇ ತುಂಬಿರುತ್ತದೆ. ಆ ಹೆಸರಿನ ಆ್ಯಪ್ ಪ್ಲೇ ಸ್ಟೋರ್‌ಗೆ ಹೋಗುವುದಿಲ್ಲ, ಒಮ್ಮೆ ಪ್ರಕಟಿಸಿದ ಹೆಸರನ್ನು ಆಮೇಲೆ ಬದಲಿಸಲೂ ಆಗುವುದಿಲ್ಲ; ಈಗಲೇ ನಿಮ್ಮದನ್ನು ಕೊಡಿ. ಕನಿಷ್ಠ ಆವೃತ್ತಿಗೆ ಆಂಡ್ರಾಯ್ಡ್ 8, ಅಂದರೆ ಎಪಿಐ 26 ಇಡಿ. ತಾರೀಖಿನ ಲೆಕ್ಕಕ್ಕೆ ಬೇಕಾದ ‘ಲೋಕಲ್‌ಡೇಟ್’ ಅಲ್ಲಿಂದ ಆಚೆಗೆ ಫೋನಿನಲ್ಲೇ ಬರುತ್ತದೆ.

ಇನ್ನು ಹೊಸಬರು ಹೆಚ್ಚು ಎಡವುವ ಜಾಗ. ಒಂದು ಬರೆಯುವ ಪೆಟ್ಟಿಗೆ, ಅಂದರೆ ಟೆಕ್ಸ್ಟ್‌ಫೀಲ್ಡ್, ಪರದೆಯ ಮೇಲೆ ಇಟ್ಟಿದ್ದೀರಿ. ಕೀಲಿಮಣೆ ಏಳುತ್ತದೆ, 2 ಒತ್ತುತ್ತೀರಿ, ಪೆಟ್ಟಿಗೆಯೊಳಗೆ ಏನೂ ಬೀಳುವುದಿಲ್ಲ. ಫೋನ್ ಕೆಟ್ಟಿಲ್ಲ. ಕಂಪೋಸ್‌ನಲ್ಲಿ ಪರದೆಯನ್ನು ನೀವು ನೇರವಾಗಿ ತಿದ್ದುವುದಿಲ್ಲ; ಮಾಹಿತಿಯನ್ನು ತಿದ್ದುತ್ತೀರಿ, ಅದನ್ನು ನೋಡಿಕೊಂಡು ಪರದೆ ತನ್ನನ್ನು ತಾನೇ ಮತ್ತೆ ಬರೆದುಕೊಳ್ಳುತ್ತದೆ. ಪೆಟ್ಟಿಗೆಗೆ ‘ಈ ಮಾಹಿತಿಯನ್ನು ತೋರಿಸು’ ಎಂದು ಹೇಳಿದ್ದೀರಿ, ಆ ಮಾಹಿತಿ ಇನ್ನೂ ಖಾಲಿಯೇ ಇದೆ. ಒತ್ತಿದ 2 ಪೆಟ್ಟಿಗೆಯಿಂದ ‘ಆನ್‌ವ್ಯಾಲ್ಯೂಚೇಂಜ್’ ಮೂಲಕ ನಿಮ್ಮ ಕೋಡಿಗೆ ಬರುತ್ತದೆ, ಅದನ್ನು ನೀವು ಆ ಮಾಹಿತಿಗೆ ತುಂಬಬೇಕು.

ಹಾಗೆ ತುಂಬಿದರೂ ಸಾಮಾನ್ಯ ವಾರ್‌ನಲ್ಲಿ ಇಟ್ಟರೆ ಆಗದು, ಅದು ಬದಲಾದದ್ದು ಕಂಪೋಸ್‌ಗೆ ಗೊತ್ತಾಗುವುದಿಲ್ಲ. ಬದಲಾದರೆ ಸುದ್ದಿ ಮುಟ್ಟಿಸುವ ಡಬ್ಬಿ ಬೇಕು, ಅದೇ ‘ಮ್ಯೂಟಬಲ್‌ಸ್ಟೇಟ್‌ಆಫ್’. ಪರದೆ ಮತ್ತೆ ಬರೆದುಕೊಳ್ಳುವಾಗ ಇಡೀ ಫಂಕ್ಷನ್ ಮತ್ತೆ ಓಡುವುದರಿಂದ ಡಬ್ಬಿಯೂ ಹೊಸದಾಗಿ ಹುಟ್ಟಿ ಖಾಲಿಯಾಗುತ್ತದೆ; ಅದನ್ನು ತಡೆಯಲು ‘ರಿಮೆಂಬರ್’. ಫೋನನ್ನು ಅಡ್ಡ ತಿರುಗಿಸಿದರೆ ಆಂಡ್ರಾಯ್ಡ್ ಆ ಪರದೆಯನ್ನು ಕೆಡವಿ ಮತ್ತೆ ಕಟ್ಟುತ್ತದೆ, ಆಗ ರಿಮೆಂಬರ್ ಕೂಡ ಮರೆಯುತ್ತದೆ, ‘ರಿಮೆಂಬರ್‌ಸೇವಬಲ್’ ಉಳಿಸಿಕೊಳ್ಳುತ್ತದೆ. ಈ ಮೂರನ್ನೂ ಬಾಯಿಪಾಠ ಮಾಡಬೇಡಿ. ಒಂದೊಂದನ್ನೇ ಬೇಕೆಂದೇ ತೆಗೆದು, ಏನು ಕೆಡುತ್ತದೆ ಎಂದು ಫೋನಿನಲ್ಲಿ ನೋಡಿ. ಒಂದು ಸಂಜೆಯ ಕೆಲಸ. ಇದು ತಲೆಗೆ ಹತ್ತಿದರೆ ಕಂಪೋಸ್ ಅರ್ಧ ಬಂದಂತೆಯೇ.

ಒಂದೂವರೆ ಇಂಚಿನ ಪ್ರಶ್ನೆ

ಮಳೆಯ ಪ್ರಮಾಣಕ್ಕೆ ಒಂದೇ ಪೆಟ್ಟಿಗೆ ಇಟ್ಟಿರೆಂದುಕೊಳ್ಳಿ. ಯಾರೋ 1.5 ಎಂದು ಬರೆದರು. ಒಂದೂವರೆ ಇಂಚೇ, ಒಂದು ಇಂಚು ಐದು ಸೆಂಟೇ? ಬರೆದವರ ಮನಸ್ಸಿನಲ್ಲಿ ಎರಡರಲ್ಲಿ ಯಾವುದೂ ಇರಬಹುದು, ಕೋಡಿಗೆ ಅದು ಗೊತ್ತಾಗುವ ದಾರಿಯಿಲ್ಲ. 45 ಸೆಂಟು ಮಳೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಎರಡು ಪೆಟ್ಟಿಗೆ ಇರಲಿ: ಇಂಚು, ಸೆಂಟು. ಸೆಂಟಿನಲ್ಲಿ 0ಯಿಂದ 99ರವರೆಗೆ ಮಾತ್ರ.

ಒಳಗೆ ಕೂಡಿಡುವಾಗ ಎರಡನ್ನೂ ಸೇರಿಸಿ ಪೂರ್ತಿ ಸೆಂಟಾಗಿ ಇಡಿ. ಒಂದು ಇಂಚು ಇಪ್ಪತ್ತು ಸೆಂಟು 120 ಆಗುತ್ತದೆ. ದಶಮಾಂಶ ಇಡುವ ‘ಡಬಲ್’ ಬಗೆಯ ಸಂಖ್ಯೆ ಬೇಡ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಪರದೆಯ ಮೇಲೆ ಇಂಥದ್ದು ಕಂಡರೆ ತೋಟದ ಲೆಕ್ಕ ಬರೆಯುವ ರೈಟರು ನಿಮ್ಮ ಆ್ಯಪನ್ನು ಮತ್ತೆ ನಂಬುವುದಿಲ್ಲ, ನಂಬಬಾರದು ಕೂಡ. ಮಿಲಿಮೀಟರ್ ಬೇಕಾದವರಿಗೆ ತೋರಿಸುವ ಹೊತ್ತಿಗೆ ಮಾತ್ರ 0.254ರಿಂದ ಗುಣಿಸಿ, 120 ಸೆಂಟಿಗೆ 30.48. ಹಣದ ಲೆಕ್ಕ ಬರೆಯುವಾಗಲೂ ಇದೇ ಕ್ರಮ, ರೂಪಾಯಿ ಬದಲು ಪೈಸೆಯಲ್ಲಿ ಇಡುವುದು.

ಪೆಟ್ಟಿಗೆಯಿಂದ ಬರುವುದು ಅಂಕಿಯಲ್ಲ, ಅಕ್ಷರ. ಅದನ್ನು ಅಂಕಿ ಮಾಡಲು ‘ಟುಇಂಟ್’ ಬಳಸಿದರೆ, ಪೆಟ್ಟಿಗೆ ಖಾಲಿ ಇದ್ದ ಕ್ಷಣವೇ ಆ್ಯಪ್ ಮುಚ್ಚಿಹೋಗುತ್ತದೆ. ‘ಟುಇಂಟ್‌ಆರ್‌ನಲ್’ ಬಳಸಿ, ನಲ್, ಅಂದರೆ ಏನೂ ಇಲ್ಲ ಎಂದು ಬಂದರೆ ಸೊನ್ನೆ ಎಂದು ಹಿಡಿಯಿರಿ. ಎರಡೂ ಪೆಟ್ಟಿಗೆ ಖಾಲಿ ಇದ್ದರೆ ಉಳಿಸುವ ಬಟನ್ ಒತ್ತಲು ಬಾರದಂತಿರಲಿ, ಏಕೆಂದರೆ ‘ಮಳೆ ಇಲ್ಲ’ ಎಂಬುದು ಬೇರೆ, ‘ಅಳೆದಿಲ್ಲ’ ಎಂಬುದು ಬೇರೆ.

ತಾರೀಖಿನ ವಿಷಯವನ್ನೂ ಮೊದಲೇ ತೀರ್ಮಾನಿಸಬೇಕು. ಬೆಳಿಗ್ಗೆ ಅಳೆದದ್ದು ನಿನ್ನೆಯ ಮಳೆಯೋ ಇವತ್ತಿನದೋ? ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತದೆ. ನೀವೂ ಹಾಗೇ ಮಾಡಿ, ಅದನ್ನು ಪರದೆಯ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಮೂರು ವರ್ಷದ ಮಳೆ ಅಳಿಸಿಹೋಗದಂತೆ

ಇಲ್ಲಿಯವರೆಗಿನ ಮಾಹಿತಿ ಆ್ಯಪ್ ಮುಚ್ಚಿದರೆ ಹೋಗುತ್ತದೆ. ಫೋನಿನಲ್ಲಿ ಉಳಿಯಲು ಎಸ್‌ಕ್ಯುಲೈಟ್ ಎಂಬ ಚಿಕ್ಕ ಡೇಟಾಬೇಸ್ ಇದೆ. ಅದರ ಮೇಲೆ ಕೂತು ಕೆಲಸ ಹಗುರ ಮಾಡುವ ಲೈಬ್ರರಿಯೇ ರೂಮ್. ಅದರಲ್ಲಿ ಮೂರು ಭಾಗ. ಕೋಷ್ಟಕದ ಒಂದು ಸಾಲು ಹೇಗಿರಬೇಕು ಎನ್ನುವುದು ಎಂಟಿಟಿ. ಬರೆ, ಓದು, ಕೂಡಿಸು ಎಂಬ ಆಜ್ಞೆಗಳ ಪಟ್ಟಿ ಡಿಎಒ. ಎರಡನ್ನೂ ಹಿಡಿದಿಡುವುದು ಡೇಟಾಬೇಸ್. ರೂಮ್‌ಗೆ ಬೇಕಾದ ಕೋಡನ್ನು ಕೆಎಸ್‌ಪಿ ಎಂಬ ಪ್ಲಗಿನ್ ಬರೆದುಕೊಡುತ್ತದೆ. ನಿಮ್ಮ ಕೋಟ್ಲಿನ್ ಆವೃತ್ತಿಗೆ ಹೊಂದದ ಕೆಎಸ್‌ಪಿ ಹಾಕಿದರೆ ಬಿಲ್ಡ್, ಅಂದರೆ ಆ್ಯಪ್ ಕಟ್ಟುವ ಕೆಲಸ, ನಿಲ್ಲಬಹುದು. ಚಾಟ್‌ಬಾಟ್‌ಗಳು ಕೊಡುವ ಕೋಡಿನಲ್ಲಿ ಈ ಹೊಂದಿಕೆ ತಪ್ಪಿರುವುದು ಸಾಮಾನ್ಯ. ಆವೃತ್ತಿಯ ಸಂಖ್ಯೆಯನ್ನು ಅಧಿಕೃತ ಪುಟದಿಂದಲೇ ತೆಗೆದುಕೊಳ್ಳಿ.

ನಮ್ಮ ಸಾಲಿನಲ್ಲಿ ಮೂರು ಅಂಶ: ದಿನ, ಮಾಪಕದ ಸಂಖ್ಯೆ, ಸೆಂಟು. ಲೋಕಲ್‌ಡೇಟನ್ನು ಹಾಗೇ ಕೊಟ್ಟರೆ ರೂಮ್ ಒಪ್ಪುವುದಿಲ್ಲ, ಇದನ್ನು ಹೇಗೆ ಉಳಿಸಲಿ ಎಂದು ದೋಷ ತೋರಿಸುತ್ತದೆ. 1970ರ ಜನವರಿ 1ರಿಂದ ಎಷ್ಟನೇ ದಿನ ಎಂಬ ಅಂಕಿಯಾಗಿ ಇಟ್ಟರೆ ಮುಗಿಯಿತು. ಹೂಮಳೆಯಾಗಿ ಇಂದಿಗೆ ಎಷ್ಟು ದಿನ ಎಂಬ ಲೆಕ್ಕವೂ ಆಗ ಒಂದೇ ಕಳೆಯುವಿಕೆ. ಮಾಪಕದ ಸಂಖ್ಯೆ ಏಕೆಂದರೆ, ಇವತ್ತು ಒಂದೇ ಮಾಪಕ ಇರುವವರು ನಾಳೆ ಮೇಲಿನ ತೋಟಕ್ಕೊಂದು ತರುತ್ತಾರೆ. ದಿನ ಮತ್ತು ಮಾಪಕ ಎರಡನ್ನೂ ಸೇರಿಸಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲಿಗೆ ಬೇರೆಯದೇ ಆದ ಗುರುತು, ಮಾಡಿ. ಆಗ ಬಟನ್ ಎರಡು ಸಲ ಒತ್ತಿದರೂ ಒಂದೇ ದಿನಕ್ಕೆ ಎರಡು ಸಾಲು ಬೀಳುವುದಿಲ್ಲ. ಇದನ್ನು ಆಮೇಲೆ ಸೇರಿಸುತ್ತೇನೆ ಎಂದರೆ, ಎಸ್‌ಕ್ಯುಲೈಟ್‌ನಲ್ಲಿ ಇದ್ದ ಕೋಷ್ಟಕದ ಪ್ರೈಮರಿ ಕೀ ಬದಲಿಸಲು ಬಾರದು, ಹೊಸ ಕೋಷ್ಟಕ ಮಾಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು.

ಡೇಟಾಬೇಸನ್ನು ಪರದೆ ನಡೆಸುವ ಮುಖ್ಯ ಥ್ರೆಡ್‌ನಲ್ಲೇ ಮುಟ್ಟಿದರೆ ರೂಮ್ ಆ್ಯಪನ್ನು ನಿಲ್ಲಿಸಿಬಿಡುತ್ತದೆ. ಬರೆಯುವ ಆಜ್ಞೆಗಳಿಗೆ ‘ಸಸ್ಪೆಂಡ್’ ಸೇರಿಸಿ, ಪರದೆಯ ಮಾಹಿತಿ ಹಿಡಿದಿಡುವ ವ್ಯೂಮಾಡೆಲ್‌ನಿಂದ ಲಾಂಚ್ ಮಾಡಿ. ಓದುವ ಆಜ್ಞೆಗಳು, ಮಾಹಿತಿ ಬದಲಾದಾಗಲೆಲ್ಲ ಹೊಸದನ್ನು ಕಳಿಸುವ ‘ಫ್ಲೋ’ ಕೊಡಲಿ. ಹೊಸ ಸಾಲು ಬಿದ್ದೊಡನೆ ತಿಂಗಳ ಒಟ್ಟು ತಾನೇ ಬದಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎಂಟಿಟಿಗೆ ಟಿಪ್ಪಣಿಯ ಒಂದು ಅಂಶ ಸೇರಿಸಿ ಓಡಿಸಿದಿರಿ, ಸ್ಕೀಮಾ (ಕೋಷ್ಟಕದ ರಚನೆ) ಬದಲಾಗಿದೆ, ಆವೃತ್ತಿ ಸಂಖ್ಯೆ ಏರಿಸಿಲ್ಲ ಎಂದು ಆ್ಯಪ್ ಬಿದ್ದಿತು. ಸಂಖ್ಯೆ ಏರಿಸಿದರೆ ಮೈಗ್ರೇಷನ್, ಅಂದರೆ ಹಳೆಯ ಕೋಷ್ಟಕವನ್ನು ಹೊಸದಕ್ಕೆ ಹೊಂದಿಸುವ ಆಜ್ಞೆ, ಇಲ್ಲ ಎಂದು ಮತ್ತೆ ಬಿದ್ದಿತು. ಹುಡುಕಿದರೆ ಮೊದಲು ಸಿಗುವ ಉತ್ತರ ‘ಫಾಲ್‌ಬ್ಯಾಕ್‌ಟುಡಿಸ್ಟ್ರಕ್ಟಿವ್‌ಮೈಗ್ರೇಷನ್’. ಹಾಕಿದ ಕೂಡಲೇ ದೋಷ ಮಾಯವಾಗುತ್ತದೆ, ಜೊತೆಗೆ ಅಲ್ಲಿದ್ದ ಮಳೆಯ ಲೆಕ್ಕವೆಲ್ಲವೂ. ಅದರ ಕೆಲಸವೇ ಹಳೆಯ ಕೋಷ್ಟಕ ಅಳಿಸಿ ಹೊಸದು ಕಟ್ಟುವುದು. ನಿಮ್ಮ ಫೋನಿನಲ್ಲಿ ಆಟವಾಡುವಾಗ ಪರವಾಗಿಲ್ಲ. ಬೇರೊಬ್ಬರ ಫೋನಿಗೆ ಆ್ಯಪ್ ಹೋದ ದಿನದಿಂದ ಆ ಸಾಲು ಕೋಡಿನಲ್ಲಿ ಇರಲೇಕೂಡದು. ಆವೃತ್ತಿಯನ್ನು 1ರಿಂದ 2ಕ್ಕೆ ಏರಿಸಿ, ಏನು ಸೇರಿದೆ ಎಂದು ಹೇಳುವ ಮೈಗ್ರೇಷನ್ ಬರೆಯಿರಿ. ಹಳೆಯ ಆವೃತ್ತಿ ಹಾಕಿ ಹತ್ತು ದಿನದ ಮಳೆ ತುಂಬಿ, ಅದರ ಮೇಲೆ ಹೊಸದನ್ನು ಹಾಕಿ, ಹತ್ತೂ ಉಳಿದಿವೆಯೇ ಎಂದು ಎಣಿಸಿ.

ಫೋನೇ ನೀರಿಗೆ ಬಿದ್ದರೆ? ಆಂಡ್ರಾಯ್ಡ್‌ನ ಆಟೊ ಬ್ಯಾಕಪ್ ಪ್ರತಿ ಆ್ಯಪ್‌ಗೆ 25 ಎಂಬಿವರೆಗೆ ಗೂಗಲ್ ಡ್ರೈವ್‌ಗೆ ಇಡುತ್ತದೆ, ಆದರೆ ಅದು ಸಾಮಾನ್ಯವಾಗಿ ಓಡುವುದು ವೈಫೈ ಸಿಕ್ಕಾಗ. ವೈಫೈ ಇಲ್ಲದ ತೋಟದ ಮನೆಗೆ ಅದನ್ನೇ ನೆಚ್ಚಿ ಕೂರಬಾರದು. ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಮಾಡಿ ವಾಟ್ಸ್‌ಆ್ಯಪ್‌ಗೆ ಕಳಿಸುವ ಬಟನ್ ಇಡಿ. ಫೈಲಿನ ತಲೆಗೆ ಬಿಒಎಂ ಎಂಬ ಗುರುತು ಸೇರಿಸದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡ ಅಕ್ಷರಗಳು ಕಲಸಿಹೋಗಿ ಕಾಣುತ್ತವೆ.

ಆ್ಯಪ್ ಬಿದ್ದಾಗಲೆಲ್ಲ ದೋಷಗಳು ದಾಖಲಾಗುವ ಸ್ಟುಡಿಯೊದ ಲಾಗ್‌ಕ್ಯಾಟ್ ತೆರೆಯಿರಿ. ಕೆಂಪು ಸಾಲುಗಳ ರಾಶಿಯಲ್ಲಿ ‘ಫೇಟಲ್ ಎಕ್ಸೆಪ್ಷನ್’ ಹುಡುಕಿ, ಅದರ ಕೆಳಗೆ ‘ಕಾಸ್ಡ್ ಬೈ’ ಇದ್ದರೆ ಕೊನೆಯದನ್ನು ಓದಿ, ಅಲ್ಲಿಂದ ಕೆಳಗೆ ನಿಮ್ಮದೇ ಫೈಲಿನ ಹೆಸರು ಮೊದಲು ಎಲ್ಲಿ ಬರುತ್ತದೆ ನೋಡಿ. ಅದರ ಮೇಲೆ ಒತ್ತಿದರೆ ತಪ್ಪಿದ ಸಾಲಿಗೇ ಕರೆದೊಯ್ಯುತ್ತದೆ. ದಿನದ ಕೊನೆಗೆ, ಕೋಡಿನ ಹಳೆಯ ರೂಪಗಳನ್ನು ಕಾಪಾಡುವ ಗಿಟ್‌ನಲ್ಲಿ ಒಂದು ಕಮಿಟ್, ಅಂದರೆ ಅಂದಿನ ಪ್ರತಿ, ಹಾಕಿ ಮಲಗಿ.

ಕನ್ನಡದ ಪರದೆ

ಪರದೆಯ ಮಾತುಗಳನ್ನು ಕೋಡಿನೊಳಗೆ ಬರೆಯದೆ ಸ್ಟ್ರಿಂಗ್ಸ್ ಫೈಲಿನಲ್ಲಿಡಿ. ಕನ್ನಡಕ್ಕೆ ಬೇರೆ ವ್ಯಾಲ್ಯೂಸ್ ಫೋಲ್ಡರ್ ಮಾಡಿದರೆ ಫೋನಿನ ಭಾಷೆ ನೋಡಿ ಆಂಡ್ರಾಯ್ಡೇ ಆರಿಸಿಕೊಳ್ಳುತ್ತದೆ. ಆದರೆ ಕನ್ನಡ ಮಾತಾಡುವ ಎಷ್ಟೋ ಜನರ ಫೋನು ಇಂಗ್ಲಿಷ್‌ನಲ್ಲೇ ಇರುತ್ತದೆ; ಈ ಆ್ಯಪ್‌ಗೆ ಮೂಲ ಫೈಲಿನಲ್ಲೇ ಕನ್ನಡ ಇಡುವುದು ಸರಿ. ಬಟನ್‌ಗಳಿಗೆ ಎತ್ತರ ಇಷ್ಟೇ ಎಂದು ಕಟ್ಟುಹಾಕಬೇಡಿ, ‘ಒಟ್ಟು’ ಎಂಬಲ್ಲಿನ ಒತ್ತಕ್ಷರದ ಬುಡವೇ ಕತ್ತರಿಸಿಹೋಗುತ್ತದೆ. ಫೋನಿನ ಅಕ್ಷರ ಗಾತ್ರವನ್ನು ಅತಿ ದೊಡ್ಡದು ಮಾಡಿ ಒಮ್ಮೆ ನೋಡಿ. ಕನ್ನಡಕ ಹುಡುಕದೆ ಓದಬೇಕೆನ್ನುವ ಹಿರಿಯರ ಫೋನು ಹಾಗೇ ಇರುತ್ತದೆ.

ಬೇರೆಯವರ ಕೈಗೆ

ಅಕ್ಕಪಕ್ಕದ ತೋಟದವರಿಗೆ ಫೋನಿಗೆ ನೇರ ಹಾಕಿಕೊಳ್ಳುವ ಎಪಿಕೆ ಫೈಲ್ ಕಳಿಸಿ ನೋಡುವುದು ಸುಲಭ. ಆದರೆ ರನ್ ಒತ್ತಿದಾಗ ಆಗುವ ಫೈಲಿಗೆ ನಿಮ್ಮ ಲ್ಯಾಪ್‌ಟಾಪಿನ ಡೀಬಗ್ ಕೀಲಿಯ ಸಹಿ ಇರುತ್ತದೆ. ಲ್ಯಾಪ್‌ಟಾಪ್ ಬದಲಾದರೆ ಸಹಿಯೂ ಬದಲು. ಹಳೆಯದರ ಮೇಲೆ ಹೊಸದು ಕೂರುವುದಿಲ್ಲ, ತೆಗೆದು ಹಾಕಿ ಎಂದರೆ ಅವರ ಮಾಹಿತಿ ಹೋಯಿತು. ಮೊದಲ ಸಲ ಕೊಡುವಾಗಲೇ ಬಿಲ್ಡ್ ಮೆನುವಿನಿಂದ ಸ್ವಂತ ಕೀಸ್ಟೋರ್, ಅಂದರೆ ಸಹಿಯ ಕೀಲಿ ಇರುವ ಫೈಲ್, ಮಾಡಿ ಸಹಿ ಹಾಕಿ. ಆ ಫೈಲನ್ನು ಎರಡು ಕಡೆ ಇಡಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದಿಡಿ.

ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್, ಗುರುತಿನ ದಾಖಲೆ ಪರಿಶೀಲನೆ, ಗೌಪ್ಯತಾ ನೀತಿಯ ಒಂದು ಪುಟ. ಅಲ್ಲಿಗೆ ಕಳಿಸುವುದು ಎಪಿಕೆ ಅಲ್ಲ, ಆ್ಯಪ್ ಬಂಡಲ್. ಲೊಕೇಷನ್, ಕಾಂಟ್ಯಾಕ್ಟ್ಸ್ ಯಾವ ಅನುಮತಿಯನ್ನೂ ನಮ್ಮ ಆ್ಯಪ್ ಕೇಳುವುದಿಲ್ಲವಾದ್ದರಿಂದ ಮಾಹಿತಿ ಸುರಕ್ಷತೆಯ ಅರ್ಜಿ ಬೇಗ ಮುಗಿಯುತ್ತದೆ. 2023ರ ನವೆಂಬರ್ 13ರ ಬಳಿಕ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ನಿಯಮವಿದೆ: ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಇರಬೇಕು. ಮೊದಲು ಇದು 20 ಇತ್ತು. ನಡುವೆ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ, ಹದಿನಾರು ಜನರನ್ನು ಒಪ್ಪಿಸಿಕೊಳ್ಳಿ. ಅಷ್ಟೂ ಜನ ಕಾಲೇಜಿನ ಗೆಳೆಯರೇ ಆದರೆ ಪ್ರಯೋಜನವಿಲ್ಲ, ನಾಲ್ವರಾದರೂ ನಿಜವಾಗಿ ಮಳೆ ಅಳೆಯುವವರಿರಲಿ.

ಅವರ ಬಳಕೆಯಿಂದಲೇ ಗೊತ್ತಾಗುವ ತಪ್ಪಿಗೆ ಒಂದು ಉದಾಹರಣೆ: ಆರಿದ್ರಾ, ಪುನರ್ವಸು ಮಳೆ ಜೋರಾಗಿ ಹಿಡಿದಾಗ ಮಾಪಕ ತುಂಬುತ್ತದೆಂದು ಸಂಜೆಯೇ ಒಮ್ಮೆ ಅಳೆದು ಚೆಲ್ಲುವವರಿದ್ದಾರೆ. ನಾಳೆ ಬೆಳಗಿನ ಲೆಕ್ಕವೆಂದು ನಾಳೆಯ ತಾರೀಖಿಗೇ ಅವರು 210 ಸೆಂಟು ಬರೆದಿಟ್ಟಿದ್ದಾರೆ. ಬೆಳಿಗ್ಗೆ ಉಳಿದ 140ನ್ನು ಅದೇ ತಾರೀಖಿಗೆ ಬರೆಯುತ್ತಾರೆ. ಒಂದು ದಿನಕ್ಕೆ ಒಂದೇ ಸಾಲು ಎಂದು, ಸಾಲು ಮೊದಲೇ ಇದ್ದರೆ ಅದನ್ನು ಬದಲಿಸುವ ‘ಅಪ್‌ಸರ್ಟ್’ ಆಜ್ಞೆ ಬಳಸಿ ನೀವು ಕಟ್ಟಿದ ಆ್ಯಪ್ 210ನ್ನು ಅಳಿಸಿ 140 ಇಡುತ್ತದೆ. ದೋಷವೂ ಕಾಣುವುದಿಲ್ಲ, ಲಾಗ್‌ಕ್ಯಾಟ್‌ನಲ್ಲೂ ಏನೂ ಇರುವುದಿಲ್ಲ. ಉಳಿಸುವ ಮೊದಲು ಆ ದಿನದ ಸಾಲು ಇದೆಯೇ ಎಂದು ಓದಿ, ಇದ್ದರೆ ‘ಈಗಾಗಲೇ 2 ಇಂಚು 10 ಸೆಂಟು ಇದೆ. ಅದಕ್ಕೆ ಕೂಡಿಸಲೇ, ಅದನ್ನು ಬದಲಿಸಲೇ?’ ಎಂದು ಕೇಳುವ ಪೆಟ್ಟಿಗೆ ಇಡಬೇಕು. ಕೂಡಿಸು ಎಂದರೆ 350.